ಕುಮಾರಪರ್ವತ ಹತ್ತಿ ಅದೇ ಸಂಜೆ ಕುಕ್ಕೆಗೆ ಇಳಿದದ್ದು

“ಕುಮಾರಪರ್ವತದ ದಾರಿಯ ನಡುವೆ ಊಟ ಸಿಗುವ ಗಿರಿಗದ್ದೆಯವರೆಗೆ ಹೋಗಿ ಉಂಡು ಬನ್ನಿ, ಅಷ್ಟು ಸಾಕು” ಎಂದಿದ್ದರು ಭಾವ. ನನಗೆ 56 ವರ್ಷ, ಎಡ ಮಂಡಿ ಮಳೆಗಾಲದಲ್ಲಿ ಮಾತನಾಡುತ್ತದೆ. ಹಿಂದೆ ಎರಡು ಸಲ ಅರ್ಧಕ್ಕೇ ವಾಪಸು ಬಂದವನು ಬೇರೆ. ಅವರದು ತಪ್ಪಲ್ಲ.

ಮೊದಲ ಸಲ ಬೆಟ್ಟದಲ್ಲಿ ಡೇರೆ ಹಾಕಲು ಬಿಡುತ್ತಿದ್ದ ಕಾಲ. ಬೆನ್ನ ಮೇಲೆ 11 ಕಿಲೋ ಹೊತ್ತು ಹೊರಟೆ. ಕಲ್ಲುಮಂಟಪದಲ್ಲಿ ಮೀನಖಂಡ ಹಿಡಿದುಕೊಂಡಿತು, ಅಲ್ಲಿಗೇ ಮುಗಿಯಿತು. ಎರಡನೆಯ ಸಲ ಚಾರಣಕ್ಕೆಂದು ಆನ್‌ಲೈನಿನಲ್ಲಿ 350 ರೂಪಾಯಿ ಕಟ್ಟಿ, ಬಸ್ಸು ತಡವಾಗಿ ಒಂಬತ್ತಕ್ಕೆ ಕಾಡು ಹೊಕ್ಕು, ಗಿರಿಗದ್ದೆಯಲ್ಲಿ ಹೊಟ್ಟೆ ತುಂಬ ಅನ್ನ ಸಾರು ಉಂಡೆ. ಆಮೇಲೆ ನೆರಳೇ ಇಲ್ಲದ ಹುಲ್ಲುಗಾವಲು. ತುದಿಗೆ ಮೊದಲು ಸಿಗುವ ಶಿಖರ ಶೇಷಪರ್ವತದ ಹತ್ತಿರ ಸುಮಾರು 4,200 ರೂಪಾಯಿಯ ಶೂವಿನ ಅಟ್ಟೆ ಬಾಯಿ ಬಿಟ್ಟಿತು. ಪಂಚೆಯ ಅಂಚು ಹರಿದು ಕಟ್ಟಿಕೊಂಡು ಇಳಿದೆ.

ಕಳೆದ ನವೆಂಬರಿನಲ್ಲಿ ಹಿಂದಿನ ರಾತ್ರಿಯೇ ಕುಕ್ಕೆಗೆ ಬಂದು ಉಳಿದೆ. ರೂಮಿಗೆ 600 ಹೋಯಿತು, ಆದರೆ ಗೆಲುವಿನ ಅರ್ಧ ಪಾಲು ಆ 600ರದ್ದು. ಬೆಳಕು ಹರಿಯುವಾಗ ದೇವರಗದ್ದೆ ದಾಟಿದ್ದೆ. ನಾವು ಪಶ್ಚಿಮದಿಂದ ಹತ್ತುವವರು, ಬೆಳಿಗ್ಗೆ ಬೆಟ್ಟದ ನೆರಳು ನಮ್ಮ ಕಡೆಗೇ ಬೀಳುತ್ತದೆ. ಆ ನೆರಳು ಇರುವಷ್ಟರಲ್ಲಿ ಹುಲ್ಲುಗಾವಲಿನ ಬಹುಭಾಗ ಮುಗಿಸಬೇಕು. ಎಲ್ಲ ಲೆಕ್ಕವೂ ಇದರ ಮೇಲೆ ನಿಂತದ್ದು.

ವೇಗದ ವಿಷಯ: ಮೂಗಿನಲ್ಲಿ ಉಸಿರಾಡುವಷ್ಟು ಮಾತ್ರ. ಬಾಯಿ ತೆರೆದರೆ ಹೆಜ್ಜೆ ಕಡಿಮೆ ಮಾಡಿದೆ. ಭೀಮನಬಂಡೆಯ ಬಳಿ ಹುಡುಗರ ಗುಂಪೊಂದು ದಾಟಿ ಹೋಯಿತು. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಅವರು ಮಲಗಿದ್ದರು, ನಾನು ನೀರು ತುಂಬಿಸಿಕೊಂಡು ಮುಂದೆ ಹೋದೆ. ಊಟ ಮಾಡಲಿಲ್ಲ. ಅವಲಕ್ಕಿ, ಬೆಲ್ಲ, ಉಪ್ಪು ಹಾಕಿದ ಲಿಂಬೆ ನೀರು. ಚೀಲ ಮೂರೂವರೆ ಕಿಲೋ ಇದ್ದಿರಬೇಕು.

ಕೋಲಿನ ಕಥೆ ಹೇಳದಿದ್ದರೆ ಆಗದು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಮನೆಯಲ್ಲಿ ಮುರಿದು ಬಿದ್ದಿತ್ತು. ನಾಲ್ಕಡಿ ಕತ್ತರಿಸಿದೆ. ಗರಿಯಷ್ಟು ಹಗುರ, ಆದರೆ ಮನೆಯ ಹಿಂದಿನ ಪಾರೆಯಲ್ಲಿ ಪರೀಕ್ಷಿಸಿದಾಗ ಜಾರಿ ನನ್ನನ್ನು ಕೂರಿಸಿತು. ಊರುಗೋಲಿನ ರಬ್ಬರ್ ಬುಡ 40 ರೂಪಾಯಿಗೆ ತಂದು ಸಿಕ್ಕಿಸಿದೆ. ಸಾವಿರಾರು ರೂಪಾಯಿಯ ಕೋಲು ಹಿಡಿದವರು ಇಳಿಯುವಾಗ ನನ್ನದನ್ನು ತಿರುಗಿಸಿ ನೋಡಿದ್ದಾರೆ. ಶೂ ಕೂಡ 400 ರೂಪಾಯಿಯ ಮುಳ್ಳು ಅಟ್ಟೆಯ ರಬ್ಬರಿನದೇ. ರಕ್ತ ಹೀರುವ ಇಂಬಳಕ್ಕೆ ಹೊಗೆಸೊಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ಕಾಲುಚೀಲ; ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ವಾಪಸಿನ ನೀರನ್ನು ಸ್ಟೀಲ್ ಬಾಟಲಿಯಲ್ಲಿ ತುಂಬಿ ದಾರಿಯ ಒಂದು ಬಂಡೆಯ ಹಿಂದೆ ಇಟ್ಟು ಹೋದೆ. ಬಂಡೆ ಯಾವುದೆಂದು ಕೇಳಬೇಡಿ. ಎರಡನೆಯ ಸಲ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಜ್ಜಿಗೆ ಇಟ್ಟಿದ್ದೆ, ಮಂಗ ಕಚ್ಚಿ ಬಿಸಾಡಿತ್ತು. ಚೂರುಗಳನ್ನು ಹೆಕ್ಕಿ ತಂದೆ, ಅಭಯಾರಣ್ಯದೊಳಗೆ ಅಂಥ ಪ್ರಯೋಗ ಮಾಡಲೇಬಾರದಿತ್ತು.

ಶೇಷಪರ್ವತಕ್ಕೆ ಹನ್ನೊಂದೂಕಾಲು. ಅಲ್ಲಿಂದ ಕಾಡಿನ ಇಳಿಜಾರು, ಕಡೆಯ ಬಂಡೆಯೇರು. ಬಂಡೆಯಲ್ಲಿ ನೀರು ಜಿನುಗುತ್ತಿತ್ತು, ಕೋಲನ್ನು ಬೆನ್ನಿಗೆ ಸಿಕ್ಕಿಸಿ ನಾಲ್ಕು ಕಾಲಲ್ಲಿ ಹತ್ತಿದೆ. ತುದಿಯಲ್ಲಿ, 1,712 ಮೀಟರಿನಲ್ಲಿ, ಹನ್ನೆರಡೂವರೆಗೆ ನಿಂತಿದ್ದೆ. ಹದಿನೈದು ನಿಮಿಷ, ಅಷ್ಟೇ. ಇಳಿಯುವಾಗ ಮಂಡಿ ಒಮ್ಮೆ ಕೂಗಿತು, ಅಡ್ಡಡ್ಡ ಹೆಜ್ಜೆ ಹಾಕಿ ಸುಮ್ಮನಾಗಿಸಿದೆ. ಆರಕ್ಕೆ ಹತ್ತು ನಿಮಿಷವಿರುವಾಗ ಕುಕ್ಕೆಯ ರಸ್ತೆ ಮುಟ್ಟಿದೆ. ಹೋಗಿ ಬಂದದ್ದು ಸುಮಾರು 25 ಕಿಲೋಮೀಟರು. ಸ್ನಾನಘಟ್ಟದಲ್ಲಿ ಕುಮಾರಧಾರೆಗೆ ಕಾಲು ಇಳಿಬಿಟ್ಟು ಕುಳಿತೇ ಭಾವನಿಗೆ ಫೋನು ಮಾಡಿದೆ. “ಗಿರಿಗದ್ದೆಯಲ್ಲಿ ಊಟಕ್ಕೆ ಏನಿತ್ತು?” ಎಂದು ಕೇಳಿದರು.

ಬರುವ ಡಿಸೆಂಬರಿಗೆ ಅವರೂ ಹೊರಟಿದ್ದಾರೆ. ಅವರ ಚೀಲವನ್ನು ನಮ್ಮ ಅಡಿಕೆಯ ತಕ್ಕಡಿಗೆ ಹಾಕಿ ನೋಡಿದೆ: ಎಂಟು ಕಿಲೋ, ಅದರಲ್ಲಿ ಒಂದು ಚಕ್ಕುಲಿಯ ಡಬ್ಬಿ.