ಉಪೇಕ್ಷೆಯನ್ನು ನಾನು ತಪ್ಪಾಗಿ ತಿಳಿದಿದ್ದೆ

ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ತಪ್ಪು ಮಾಡುವವರಲ್ಲಿ ಉಪೇಕ್ಷೆ: ಈ ಭಾವನೆಗಳಿಂದ ಚಿತ್ತ ತಿಳಿಯಾಗುತ್ತದೆ ಎನ್ನುತ್ತದೆ ಪತಂಜಲಿಯ ಯೋಗಸೂತ್ರ (1.33). ನಾನು ಬರೆದ ವರದಿಯನ್ನು ಸಹೋದ್ಯೋಗಿಯೊಬ್ಬರು ತಮ್ಮದೆಂದು ಸಭೆಯಲ್ಲಿ ಮಂಡಿಸಿದಾಗ ಈ ಕೊನೆಯ ಪದವನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮ ಮಾತಿನಲ್ಲಿ ಉಪೇಕ್ಷೆ ಎಂದರೆ ಕಡೆಗಣಿಸುವುದು. ಕಡೆಗಣಿಸಿದೆ. ಮೂರು ವಾರ ಏನೂ ಆಗದವನಂತೆ ಓಡಾಡಿದೆ. ಸಾಧನೆ ಕೈಗೂಡುತ್ತಿದೆ ಎಂದೇ ನಂಬಿದ್ದೆ.

ಒಂದು ಸಂಜೆ ಮಗಳ ಕೈತಪ್ಪಿ ಲೋಟದ ನೀರು ನನ್ನ ಕಾಗದಗಳ ಮೇಲೆ ಚೆಲ್ಲಿತು. ನಾನು ಕೂಗಿದ ರಭಸಕ್ಕೆ ಅವಳು ಗೋಡೆಗೆ ಒತ್ತಿಕೊಂಡು ನಿಂತಳು. ಒದ್ದೆಯಾದದ್ದು ಬೇಡದ ಹಳೆಯ ಹಾಳೆಗಳು. ಆ ಕೂಗು ಯಾರಿಗೆ ಸೇರಬೇಕಾದದ್ದೆಂದು ನನಗೆ ಕೂಡಲೇ ಹೊಳೆಯಿತು. ಅವಳ ಎದುರು ಕುಳಿತು ಕ್ಷಮೆ ಕೇಳಿದೆ.

ಮನಸ್ಸನ್ನು ಕಾಡುವ ದ್ವೇಷದಂಥ ಕ್ಲೇಶಗಳಿಗೆ ಯೋಗಸೂತ್ರದಲ್ಲಿ ನಾಲ್ಕು ಸ್ಥಿತಿಗಳು: ಪ್ರಸುಪ್ತ (ನಿದ್ರಿಸುತ್ತಿರುವುದು), ತನು (ತೆಳುವಾದದ್ದು), ವಿಚ್ಛಿನ್ನ (ನಡುವೆ ತಡೆದು ನಿಂತದ್ದು), ಉದಾರ (ಪೂರ್ತಿ ಎದ್ದು ನಿಂತದ್ದು) (2.4). ವಿಚ್ಛಿನ್ನವೆಂದರೆ ಅಳಿದದ್ದಲ್ಲ, ಬೇರೊಂದು ಭಾವ ಮುಂದೆ ಬಂದಾಗ ಮರೆಗೆ ಸರಿದು, ಸಮಯ ನೋಡಿ ತಲೆಯೆತ್ತುವಂಥದ್ದು. ನನ್ನ ದ್ವೇಷ ಹಾಗೆ ಮರೆಯಲ್ಲಿತ್ತು, ನಾನು ಅದನ್ನು ಶಾಂತಿ ಎಂದು ಕರೆದಿದ್ದೆ.

ಅಂದಿನಿಂದ ದೇಹದಿಂದ ಶುರುಮಾಡಿದೆ. ಚಿತ್ತ ಚೆದುರಿದಾಗ ದುಃಖ, ಬೇಸರ, ಮೈನಡುಕ, ಏರುಪೇರಿನ ಉಸಿರು ಜೊತೆಗೂಡುತ್ತವೆ ಎಂದು ಸೂತ್ರವೇ ಹೇಳುತ್ತದೆ (1.31). ನನಗೆ ಮೊದಲು ಬಿಗಿಯುವುದು ದವಡೆ, ಆಮೇಲೆ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಅದು ಗೊತ್ತಾದ ಕ್ಷಣ ಹೊರಉಸಿರನ್ನು ನಿಧಾನವಾಗಿ, ಉದ್ದವಾಗಿ ಬಿಡುತ್ತೇನೆ. ‘ನೋವಾಗಿದೆ’ ಎಂದು ಒಳಗೇ ಹೇಳಿಕೊಳ್ಳುತ್ತೇನೆ. ‘ಸಿಟ್ಟು ಬಂದಿದೆ’ ಎನ್ನುವುದಕ್ಕಿಂತ ಇದು ಕಷ್ಟ, ಆದರೆ ನಿಜ ಇದೇ. ದುಃಖಿಗಳಿಗೆ ಕರುಣೆ ಎಂದಾಗ ಆ ಲೆಕ್ಕದಲ್ಲಿ ನಾನೂ ಒಬ್ಬನೆಂದು ಇಷ್ಟು ವರ್ಷ ತೋಚಿರಲೇ ಇಲ್ಲ!

ಉಪೇಕ್ಷೆಯೊಳಗೆ ‘ಈಕ್ಷಣ’ ಇದೆ, ನೋಟವಿದೆ. ಈಗ ನನ್ನ ಪಾಲಿಗೆ ಅದು ಉರಿಯದೆ ನೋಡುವುದು, ನೋಡದೇ ಇರುವುದಲ್ಲ. ಹತ್ತು ದಿನ ಹೀಗೆ ಕಳೆದ ಮೇಲೆ ಆ ಸಹೋದ್ಯೋಗಿಯ ಬಳಿ ಹೋಗಿ, “ಆ ವರದಿ ನನ್ನದು, ನನಗೆ ನೋವಾಯಿತು” ಎಂದೆ. ಧ್ವನಿ ನಡುಗಿತು. ಅವರು ಕ್ಷಮೆ ಕೇಳಲಿಲ್ಲ. ಮುಂದಿನ ವರದಿಯಲ್ಲಿ ಇಬ್ಬರ ಹೆಸರೂ ಇತ್ತು. ಅವರು ಎದುರಾದಾಗ ದವಡೆ ಈಗಲೂ ಒಮ್ಮೊಮ್ಮೆ ಬಿಗಿಯುತ್ತದೆ, ಆಗ ಮತ್ತೆ ಉಸಿರಿನಿಂದ ಶುರುಮಾಡುತ್ತೇನೆ.