ಸ್ಯಾನ್ ಆಂಟೋನಿಯೊದಲ್ಲಿ ನೆಂಟರನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಬೇಕು

ಊರಿಂದ ಯಾರೇ ಬಂದರೂ ನಾನು ಮೊದಲೇ ಹೇಳಿಬಿಡುತ್ತೇನೆ. ರಿವರ್ ವಾಕ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಓಡಾಡೋಣ, ಊಟಕ್ಕೆ ಮಾತ್ರ ಮೆಟ್ಟಿಲು ಹತ್ತಿ ಮೇಲೆ ಬರೋಣ. ಈ ನದಿ ದಂಡೆ ರಸ್ತೆಗಿಂತ ಒಂದು ಅಂತಸ್ತು ಕೆಳಗಿದೆ. ನೀರು, ದೊಡ್ಡ ಮರಗಳು, ಬಣ್ಣದ ಕೊಡೆಗಳು, ದೋಣಿ. ನೋಡೋಕೆ ತುಂಬಾ ಚಂದ, ದುಡ್ಡೂ ಕೊಡಬೇಕಿಲ್ಲ. ಆ ಕೊಡೆ ಕೆಳಗೆ ಊಟಕ್ಕೆ ಕೂತರೆ ಲೆಕ್ಕ ಬೇರೆ.

ನಾವು ಟೆಕ್ಸಾಸ್‌ನ ಈ ಊರಿಗೆ ಬಂದ ಹೊಸದರಲ್ಲಿ ಸಕಲೇಶಪುರದಿಂದ ಅಕ್ಕ, ಭಾವ, ಅವರ ಮಗ ಬಂದಿದ್ದರು. ಅಲಮೊ ಅನ್ನುವ ಹಳೇ ಕೋಟೆ ನೋಡಿ ಹೊರಗೆ ಬರುವಾಗ ಎಲ್ಲರಿಗೂ ಹಸಿವು. ನದಿ ಪಕ್ಕದಲ್ಲಿ ಒಂದು ಸ್ಟೇಕ್‌ಹೌಸ್, ಅಂದರೆ ದನದ ಮಾಂಸದ ದಪ್ಪ ತುಂಡು ಸುಟ್ಟು ಕೊಡುವ ಜಾಗ. ಅದರ ಬಾಗಿಲಲ್ಲಿ ಹುಡುಗಿ ಮೆನು ಹಿಡಿದು ಕರೆದಳು, ಹೋದೆವು. ಐದು ಜನಕ್ಕೆ 412 ಡಾಲರ್ ಬಿಲ್. ಸ್ಟೇಕ್‌ಗೆ ಒಂದು ರೇಟು, ಆಲೂಗಡ್ಡೆಗೆ ಇನ್ನೊಂದು, ಸಾಸ್‌ಗೂ ಪ್ರತ್ಯೇಕ ದುಡ್ಡು. ಮಾಂಸ ಬೂದು ಬಣ್ಣಕ್ಕೆ ತಿರುಗಿತ್ತು, ಎಷ್ಟು ಅಗಿದರೂ ಬಾಯಲ್ಲೇ ಉಳಿಯುತ್ತಿತ್ತು.

ದುಡ್ಡು ಹೋದ ಬೇಜಾರು ಎರಡು ದಿನಕ್ಕೆ ಮರೆತುಹೋಯಿತು. ಮರೆಯದೆ ಉಳಿದದ್ದು ಬೇರೆ. ಭಾವ ದನದ ಮಾಂಸ ಮುಟ್ಟುವುದಿಲ್ಲ. ಮೆನುವಿನಲ್ಲಿ ‘ಚಿಕನ್ ಫ್ರೈಡ್ ಸ್ಟೇಕ್’ ಅಂತ ನೋಡಿ, ಕೋಳಿ ಅಂದುಕೊಂಡು ಅದನ್ನೇ ತರಿಸಿದರು. ಅವರು ಫೋರ್ಕ್ ಚುಚ್ಚುವ ಹೊತ್ತಿಗೆ ನನ್ನ ಗಂಡ ಅವರ ಕೈ ಹಿಡಿದು ನಿಲ್ಲಿಸಿದರು. ಅದರಲ್ಲಿ ಕೋಳಿಯೇ ಇಲ್ಲ. ದನದ ಮಾಂಸವನ್ನು ಬಡಿದು ತೆಳ್ಳಗೆ ಮಾಡಿ, ಮೈದಾದಲ್ಲಿ ಹೊರಳಿಸಿ, ಇಲ್ಲಿ ಕೋಳಿ ಕರಿಯುವ ಹಾಗೆ ಕರಿಯುತ್ತಾರೆ. ಹೆಸರು ಬಂದದ್ದು ಅದರಿಂದ. ಭಾವ ಏನೂ ಅನ್ನಲಿಲ್ಲ. ಬರೀ ಬ್ರೆಡ್ ತಿಂದು ಎದ್ದರು. ಅಷ್ಟು ದೂರದಿಂದ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಾರು ಹತ್ತಿಸಿದೆನಲ್ಲ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಆದ್ದರಿಂದ ನಿಮ್ಮ ಜೊತೆ ದನದ ಮಾಂಸ ತಿನ್ನದವರು ಇದ್ದರೆ, ಮೊದಲು ಅವರ ತಟ್ಟೆಗೆ ಏನು ಅಂತ ನೋಡಿ. ಇಲ್ಲಿ ಬೀನ್ಸ್ ಅಂದರೆ ರಾಜ್ಮಾ ಥರದ ಬೇಯಿಸಿದ ಕಾಳು, ಅದನ್ನು ಸಸ್ಯಾಹಾರ ಅಂದುಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ಅದರೊಳಗೆ ಮಾಂಸದ ಚೂರು ಇರುವುದು ಮಾಮೂಲು. ಮೆಕ್ಸಿಕನ್ ಹೋಟೆಲಿನ ಅರೆದ ಬೀನ್ಸ್‌ಗೆ, ಚಪಾತಿಯಂಥ ಮೈದಾ ಟೋರ್ಟಿಯಾಕ್ಕೆ ಹಂದಿ ಕೊಬ್ಬು ಹಾಕುವವರಿದ್ದಾರೆ. ಸಾಸೇಜ್‌ನಲ್ಲಿ ದನ, ಹಂದಿ ಎರಡೂ ಸೇರಿರಬಹುದು. ಕೇಳೋಕೆ ಸಂಕೋಚ ಬೇಡ.

ಸ್ಟೇಕ್‌ಹೌಸ್‌ಗೇ ಹೋಗಬೇಕು ಅಂತ ಮಕ್ಕಳು ಹಠ ಹಿಡಿದರೆ, ಕೂರುವ ಮುಂಚೆ ಮೆನು ಓದಿ. ಇಲ್ಲಿನ ಸರ್ಕಾರಿ ಗ್ರೇಡಿನಲ್ಲಿ ಮೇಲಿನದು ಪ್ರೈಮ್, ಆಮೇಲೆ ಚಾಯ್ಸ್, ಆಮೇಲೆ ಸೆಲೆಕ್ಟ್. ಮಾಂಸದ ನಡುವೆ ಕೊಬ್ಬಿನ ಬಿಳಿ ಗೆರೆ ಎಷ್ಟಿದೆ ಅನ್ನುವುದರ ಮೇಲೆ ಮುಖ್ಯವಾಗಿ ಇದು ನಿಂತಿದೆ. ಆಂಗಸ್ ಅನ್ನುವುದು ತಳಿಯ ಹೆಸರು, ಗ್ರೇಡ್ ಅಲ್ಲ. ಬರೀ ಆಂಗಸ್ ಅಂತ ಬರೆದು ಗ್ರೇಡ್ ಬರೆಯದಿದ್ದರೆ ಕೇಳಿ ತಿಳಿದುಕೊಳ್ಳಿ. ಮೆನುವಿನಲ್ಲಿರುವ ತೂಕ ಬೇಯಿಸುವ ಮುಂಚಿನದು. 16 ಔನ್ಸ್ ಅಂದರೆ ಸುಮಾರು 454 ಗ್ರಾಂ, ಇಬ್ಬರು ಹಂಚಿಕೊಂಡರೂ ಸಾಕು. ಉದ್ದ ಮೂಳೆಯ ಟೊಮಾಹಾಕ್ ಫೋಟೋಗೆ ಚೆನ್ನಾಗಿರುತ್ತದೆ, ಆದರೆ ಆ ಮೂಳೆಯೂ ತೂಕಕ್ಕೆ ಸೇರುತ್ತದೆ. ಕೊನೆಗೆ ಬಿಲ್ ನೋಡಿ. ನಮ್ಮ ಬಿಲ್‌ನಲ್ಲಿ 18 ಪರ್ಸೆಂಟ್ ಟಿಪ್ ಮೊದಲೇ ಸೇರಿತ್ತು, ಕೆಳಗೆ ಟಿಪ್ ಬರೆಯಲು ಖಾಲಿ ಜಾಗವೂ ಇತ್ತು. ಗೊತ್ತಿಲ್ಲದೆ ಎರಡು ಸಲ ಕೊಟ್ಟು ಬಂದೆವು.

ಹಾಗಾದರೆ ಒಳ್ಳೆಯ ಜಾಗ ಹುಡುಕುವುದು ಹೇಗೆ? ಉಳಿದುಕೊಂಡ ಹೋಟೆಲಿನ ಕೌಂಟರಿನಲ್ಲಿ “ಇಲ್ಲಿ ಫೇಮಸ್ ಸ್ಟೇಕ್ ಎಲ್ಲಿ” ಅಂತ ಕೇಳಿದರೆ ನದಿ ದಂಡೆಗೇ ಕಳಿಸುತ್ತಾರೆ. ನಾನು ಕಾರಿನ ಟೈರ್ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೇಳುತ್ತೇನೆ: “ನೀವು ನಿನ್ನೆ ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ?” ಈ ಪ್ರಶ್ನೆಗೆ ಜನ ಯೋಚನೆ ಮಾಡದೆ ನಿಜ ಹೇಳುತ್ತಾರೆ. ಮಂಗಳವಾರವೋ ಬುಧವಾರವೋ ಹನ್ನೊಂದೂವರೆಗೆ ಪಾರ್ಕಿಂಗ್ ನೋಡಿ. ಏಣಿ ಕಟ್ಟಿದ, ಊರಿನ ಕೆಲಸಗಾರರ ಪಿಕಪ್ ಟ್ರಕ್‌ಗಳು ನಿಂತಿದ್ದರೆ ಒಳಗೆ ಹೋಗಿ. ಊರಿನ ವೆಸ್ಟ್ ಸೈಡ್ ಕಡೆ ಹೋದರೆ ಶನಿವಾರ, ಭಾನುವಾರ ಬೆಳಿಗ್ಗೆ ಚಿಕ್ಕ ಅಂಗಡಿಗಳಲ್ಲಿ ಬಾರ್ಬಕೋವಾ ಬೋರ್ಡ್ ಕಾಣುತ್ತದೆ. ದನದ ತಲೆ, ಕೆನ್ನೆಯ ಮಾಂಸವನ್ನು ನಿಧಾನಕ್ಕೆ ಬೇಯಿಸಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಬಿಸಿ ಟೋರ್ಟಿಯಾದಲ್ಲಿ ಸುತ್ತಿ, ಈರುಳ್ಳಿ, ಕೊತ್ತಂಬರಿ ಸೊಪ್ಪು ಉದುರಿಸಿ ತಿಂದರೆ, ನದಿ ದಂಡೆಯ ಯಾವ ಸ್ಟೇಕೂ ನನಗೆ ನೆನಪಾಗುವುದಿಲ್ಲ.

ಆದರೆ ಒಂದು ದಿನ ಬಿಡುವಿದ್ದರೆ ನನ್ನ ಉತ್ತರ ಲಾಕ್‌ಹಾರ್ಟ್. ಕಾರಿನಲ್ಲಿ ಒಂದೂಕಾಲು ಗಂಟೆ. ಬಾರ್ಬೆಕ್ಯೂ ಅಂದರೆ ಸೌದೆಯ ಬೆಂಕಿ, ಹೊಗೆಯಲ್ಲಿ ಬೇಯಿಸಿದ ಮಾಂಸ. ಟೆಕ್ಸಾಸ್ ಶಾಸನಸಭೆಯೇ ಅದರ ರಾಜಧಾನಿ ಅಂತ ಕರೆದ ಪುಟ್ಟ ಊರು ಇದು. ಅಲ್ಲಿನ ಹಳೇ ಬಾರ್ಬೆಕ್ಯೂ ಅಂಗಡಿಗಳಲ್ಲಿ ಕ್ರೈಟ್ಸ್ ಮಾರ್ಕೆಟ್ ಶುರುವಾದದ್ದು 1900ರಲ್ಲಿ, ಬ್ಲ್ಯಾಕ್ಸ್ 1932ರಲ್ಲಿ. 1999ರಲ್ಲಿ ಕ್ರೈಟ್ಸ್ ನಡೆಸುತ್ತಿದ್ದ ಶ್ಮಿಟ್ ಮನೆತನದವರು ಬೇರೆಯಾದರು. ಮಗಳಿಗೆ ಹಳೇ ಕಟ್ಟಡ, ಗಂಡುಮಕ್ಕಳಿಗೆ ಅಂಗಡಿಯ ಹೆಸರು. ಹೆಸರು ಸಿಕ್ಕವರು ಹಳೇ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ಹಾಕಿ, ಬೀದಿಯಲ್ಲಿ ಎಳೆದುಕೊಂಡು ಹೋಗಿ ಹೊಸ ಕಟ್ಟಡದ ಒಲೆ ಹಚ್ಚಿದರು. ಹಳೇ ಕಟ್ಟಡ ಈಗ ಸ್ಮಿಟೀಸ್. ಅಲ್ಲಿ ಬೆಂಕಿ ನೆಲದ ಮೇಲೇ ಉರಿಯುತ್ತದೆ. ಮಕ್ಕಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ. ಗೋಡೆಗಳು ಹೊಗೆಗೆ ಕಪ್ಪಾಗಿವೆ, ನಮ್ಮ ಮಲೆನಾಡಿನ ಹಳೇ ಅಡುಗೆಮನೆ ಅಟ್ಟದ ಹಾಗೆ.

ಹನ್ನೊಂದು ಗಂಟೆಗೆ ಮುಂಚೆ ಅಲ್ಲಿರಿ. ಬ್ರಿಸ್ಕೆಟ್, ಅಂದರೆ ದನದ ಎದೆ ಭಾಗದ ಮಾಂಸ, ಖಾಲಿಯಾದರೆ ಆಯಿತು, ಇನ್ನೊಂದು ಬೇಯಲು ಗಂಟೆಗಟ್ಟಲೆ ಬೇಕು. ಪೌಂಡ್ ಲೆಕ್ಕದಲ್ಲಿ ಕೇಳಿ, ಒಬ್ಬರಿಗೆ ಅರ್ಧ ಪೌಂಡ್ ಸಾಕು. ಕೊಬ್ಬಿರುವ ಕಡೆಯದು ಕೇಳಿ, ಕೊಬ್ಬಿಲ್ಲದ ಭಾಗ ಬೇಗ ಒಣಗುತ್ತದೆ.

ಎರಡನೇ ಸಲ ಬಂದಾಗ ಭಾವನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಅವರಿಗೆ ಟರ್ಕಿ ಕೋಳಿ, ಹಂದಿ ಪಕ್ಕೆಲುಬು. ಕೊಯ್ಯುವವರಿಗೆ ವಿಷಯ ಹೇಳಿದೆ. ಅವರು ಚಾಕು ಒರೆಸಿ, ಬೇರೆ ಹಲಗೆ ತಂದು, ಟರ್ಕಿ ಕೊಯ್ದು ಬೇರೆ ಕಾಗದದಲ್ಲಿ ಕಟ್ಟಿಕೊಟ್ಟರು. ಐದು ಜನಕ್ಕೆ 130 ಡಾಲರ್ ದಾಟಲಿಲ್ಲ. ಭಾವ ಕಂದು ಕಾಗದದ ಮೇಲೆ ಕೈಯಲ್ಲೇ ತಿಂದರು, ಹಸಿ ಈರುಳ್ಳಿ, ಉಪ್ಪಿನಕಾಯಿ ಸೌತೆ ನಂಚಿಕೊಂಡು. ಆಮೇಲೆ ಕೈ ತೊಳೆದು ಸೀದಾ ಒಲೆ ಹತ್ತಿರ ಹೋದರು. ಕಾಫಿ ತೋಟದವರು, ಸೌದೆ ಕಂಡರೆ ಸುಮ್ನೆ ಇರುವವರಲ್ಲ. ಯಾವ ಮರ, ಎಷ್ಟು ದಿನ ಒಣಗಿಸಿದ್ದು ಅಂತ ನನ್ನ ಕೈಲಿ ಕೇಳಿಸಿದರು. ಒಲೆಯವರು ಪೋಸ್ಟ್ ಓಕ್ ಅಂದು, ಒಂದು ಸೀಳು ತೆಗೆದು ಅವರ ಕೈಗೆ ಕೊಟ್ಟರು. ಭಾವ ಅದನ್ನು ಮೂಗಿಗೆ ಹಿಡಿದು ನೋಡಿ, ತೂಕ ಅಂದಾಜು ಮಾಡಿ, ರಾಶಿಯ ಮೇಲೆ ನೀಟಾಗಿ ಇಟ್ಟರು. “ಇನ್ನೊಂದು ಸ್ವಲ್ಪ ಟರ್ಕಿ ಕಟ್ಟಿಸು, ರಾತ್ರಿಗೆ” ಅಂದರು.