ಬಿಸಿಲೂರಿನ ಹಿತ್ತಲಲ್ಲಿ ಜೇನು

ನಮ್ಮ ಹಿರಿಯೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಲಾಗುವುದಿಲ್ಲ. ಅಂಥ ಕಡೆ ನಾನು ಮೊದಲ ಜೇನುಪೆಟ್ಟಿಗೆಯನ್ನು ತಗಡಿನ ಶೀಟಿನ ಕೆಳಗೆ ಇಟ್ಟೆ. ನೆರಳಿದೆಯಲ್ಲ, ಸಾಕು ಅಂದುಕೊಂಡೆ. ಒಂದು ದಿನ ಊಟ ಮುಗಿಸಿ ಬಂದರೆ ಪೆಟ್ಟಿಗೆಯ ಬಾಗಿಲಿನಿಂದ ಜೇನುತುಪ್ಪ ಸೋರುತ್ತಿದೆ. ಮುಚ್ಚಳ ತೆಗೆದೆ. ಹುಳುಗಳು ಮೇಣದಿಂದ ಕಟ್ಟಿದ ಎರಿಗಳು ಚೌಕಟ್ಟಿನಿಂದ ಕಳಚಿ ಅಡಿಮಣೆ ಮೇಲೆ ಕುಸಿದಿದ್ದವು. ಮರಿಗಳೆಲ್ಲ ತುಪ್ಪದಲ್ಲಿ ಮುಳುಗಿದ್ದವು. ಸಂಜೆಗೆ ಇರುವೆ ಮುತ್ತಿದವು. ಮರುದಿನ ಹುಳುಗಳು ಪೆಟ್ಟಿಗೆ ಬಿಟ್ಟು ಹೋಗಿದ್ದವು. ಮೇಣ ಕರಗುವುದು 62 ಡಿಗ್ರಿಯ ಆಸುಪಾಸಿನಲ್ಲಿ, ನಿಜ. ಆದರೆ ತುಪ್ಪ ತುಂಬಿದ ಎರಿ ಮೆತ್ತಗಾಗಿ ಜಾರಲು ಅಷ್ಟು ಬಿಸಿ ಬೇಕಿಲ್ಲ.

ಹಾಗಾಗಿ ಮೊದಲು ಮರ ನೋಡಿ, ಆಮೇಲೆ ಪೆಟ್ಟಿಗೆ ತನ್ನಿ. ಹೊಂಗೆ ನೆರಳು ತಾಯಿ ಮಡಿಲು ಅನ್ನುತ್ತಾರಲ್ಲ, ಹುಳಕ್ಕೂ ಹಾಗೆಯೇ. ಬಾಗಿಲು ಪೂರ್ವಕ್ಕಿರಲಿ. ಮುಚ್ಚಳದ ಮೇಲೆ ಎರಡು ಕಡ್ಡಿ ಅಡ್ಡ ಇಟ್ಟು, ಅದರ ಮೇಲೆ ತೆಂಗಿನ ಗರಿ ಹೊದಿಸಿ. ನಡುವೆ ಗಾಳಿ ಆಡಬೇಕು. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ, ಇರುವೆ ಹತ್ತುವುದಿಲ್ಲ. ಹಿತ್ತಲಿಗೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನೇ ಸರಿ. ಪಕ್ಕದ ಮನೆ ಅಜ್ಜಿ ಇದನ್ನೇ ಹೆಜ್ಜೇನು ಅಂದುಕೊಂಡು ತಿಂಗಳುಗಟ್ಟಲೆ ಬೈದರು!

ನೆರಳಿನಷ್ಟೇ ಮುಖ್ಯ ನೀರು. ಮರಿಗಳಿರುವ ಜಾಗವನ್ನು ಹುಳುಗಳು 34–35 ಡಿಗ್ರಿಯಲ್ಲೇ ಕಾಯುತ್ತವೆ. ಬಿಸಿ ಜಾಸ್ತಿಯಾದರೆ ನೀರು ತಂದು ಒಳಗೆ ಸವರಿ, ರೆಕ್ಕೆ ಬೀಸಿ ಆರಿಸುತ್ತವೆ. ನಾನು ಅಗಲವಾದ ಮಣ್ಣಿನ ತಟ್ಟೆಗೆ ಜಲ್ಲಿಕಲ್ಲು ತುಂಬಿ, ಕಲ್ಲಿನ ತಲೆ ಕಾಣುವಷ್ಟೇ ನೀರು ಹಾಕುತ್ತೇನೆ. ಬರೀ ನೀರಾದರೆ ಮುಳುಗಿ ಸಾಯುತ್ತವೆ. ಮಧ್ಯಾಹ್ನ ಎರಡಕ್ಕೆ ಅದರ ಪಕ್ಕ ಸುಮ್ನೆ ಕೂತು ನೋಡಿ. ಕಲ್ಲಿನ ಅಂಚಿಗೆ ಬಾಯಿ ಹಚ್ಚಿ ಹುಳು ನೀರೆಳೆಯುವಾಗ ಅದರ ಹೊಟ್ಟೆ ತಿದಿಯಂತೆ ಹಿಗ್ಗಿ ಕುಗ್ಗುತ್ತದೆ. ತಟ್ಟೆ ಒಂದು ದಿನವೂ ಒಣಗಬಾರದು. ಒಣಗಿದರೆ ಅವು ಪಕ್ಕದ ಮನೆಯ ಬಚ್ಚಲು ಹುಡುಕುತ್ತವೆ, ಅಜ್ಜಿ ಮತ್ತೆ ಶುರು.

ಬೇವು, ಹೊಂಗೆ, ಹುಣಸೆ ಹೂ ಬಿಡುವ ಕಾಲದಲ್ಲೇ ನಮ್ಮಲ್ಲಿ ತುಪ್ಪ. ಮೇಲಿನ ಜೇನು ಕೋಣೆಯ ಎರಿಯಲ್ಲಿ ಮುಕ್ಕಾಲು ಭಾಗ ಮೇಣದ ಮುಚ್ಚಳ ಬಿದ್ದಿರಬೇಕು. ಅನುಮಾನವಿದ್ದರೆ ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಕೊಡವಿ. ಹನಿ ಉದುರಿದರೆ ತುಪ್ಪ ಇನ್ನೂ ನೀರು, ವಾಪಸ್ ಇಡಿ. ಆಸೆಗೆ ತೆಗೆದರೆ ಬಾಟಲಿಯಲ್ಲೇ ಹುಳಿ ಬರುತ್ತದೆ. ಕೆಳಗಿನ ಮರಿ ಕೋಣೆಯ ತುಪ್ಪ ಹುಳುಗಳದು, ಮುಟ್ಟಬೇಡಿ.

ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ. ಬಿಸಿಲೇರಿದ ಮೇಲೆ ಎರಿ ಕೈಯಲ್ಲೇ ಬಾಗುತ್ತದೆ. ಹುಳುಗಳನ್ನು ಸುಮ್ಮನಾಗಿಸಲು ತೆಂಗಿನ ನಾರಿನ ಹೊಗೆ ಸ್ವಲ್ಪ ಸಾಕು. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಎರಿಯ ಮೇಣದ ಮುಚ್ಚಳ ಸವರಿ ತೆಗೆದು, ತುಪ್ಪ ತೆಗೆಯುವ ಯಂತ್ರದಲ್ಲಿ ನಿಧಾನ ತಿರುಗಿಸಿ. ಹೊಸ ಎರಿ ಬೇಗ ಮುರಿಯುತ್ತದೆ. ಖಾಲಿ ಚೌಕಟ್ಟನ್ನು ಸಂಜೆ ವಾಪಸ್ ಇಡಿ. ಹಗಲಲ್ಲಿ ಇಟ್ಟರೆ ವಾಸನೆಗೆ ಬೇರೆ ಗೂಡಿನ ಹುಳು ನುಗ್ಗುತ್ತವೆ.

ತುಪ್ಪವನ್ನು ಒಲೆಗೆ ಇಡಬೇಡಿ. ಬಟ್ಟೆಯಲ್ಲಿ ಸೋಸಿ, ಎರಡು ದಿನ ಮುಚ್ಚಿಟ್ಟು, ಮೇಲೆ ಬಂದ ನೊರೆ ತೆಗೆದು ಬಾಟಲಿಗೆ ತುಂಬಿ. ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಬೇಡಿ. ಯಂತ್ರವನ್ನು ತಣ್ಣೀರಲ್ಲೇ ತೊಳೆಯಿರಿ. ನಾನು ಬಿಸಿನೀರು ಸುರಿದು, ಮೇಣವೆಲ್ಲ ಒಳಗೆ ಮೆತ್ತಿಕೊಂಡು, ಎರವಲು ತಂದ ಯಂತ್ರವನ್ನು ಅರ್ಧ ದಿನ ಕೆರೆದಿದ್ದೇನೆ.